ಹಾಡಿಯ ಕುಟುಂಬಗಳ ಜೊತೆ ದುಡಿಯಬೇಕೆನ್ನುವವರಿಗೆ: ಆದಿವಾಸಿ ಕ್ಷೇಮದ ವೃತ್ತಿಗೆ ಒಂದು ಮಾರ್ಗದರ್ಶಿ

ಆದಿವಾಸಿ ಮಕ್ಕಳ, ಕುಟುಂಬಗಳ ಒಳಿತಿಗೆ ದುಡಿಯುವ ಕೆಲಸ ಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಲ್ಲಿ ಮೂರು ಬಗೆಯವರಿದ್ದಾರೆ. ಸಮಾಜಕಾರ್ಯ ಓದುತ್ತಿರುವ ನಗರದ ವಿದ್ಯಾರ್ಥಿಗಳು ಒಂದು ಬಗೆ. ನರ್ಸಿಂಗ್ ಮುಗಿಸಿ, ದೊಡ್ಡಾಸ್ಪತ್ರೆಯ ಪಾಳಿ ಬಿಟ್ಟು ಬೇರೇನಾದರೂ ಮಾಡಬೇಕೆನ್ನುವವರು ಇನ್ನೊಂದು. ಹಾಡಿಯಲ್ಲೇ, ಅಂದರೆ ಕಾಡಂಚಿನ ಆದಿವಾಸಿ ವಸತಿಯಲ್ಲೇ ಹುಟ್ಟಿ, ಪಿಯುಸಿಯವರೆಗೆ ಓದಿ, ಮುಂದಿನ ದಾರಿ ಹುಡುಕುತ್ತಿರುವ ಹುಡುಗ ಹುಡುಗಿಯರು ಮೂರನೆಯವರು. ಈ ಬರಹ ಮೂವರಿಗೂ ಸೇರಿದ್ದು. ಆದರೆ ಮೂರನೆಯವರಿಗೆ ಒಂದು ಮಾತು ಮೊದಲೇ ಹೇಳಬೇಕು. ಯಾವ ಮನೆಯಲ್ಲಿ ಯಾರಿಗೆ ಏನಾಗಿದೆ ಎಂದು ಕೇಳದೆಯೇ ತಿಳಿದಿರುವವರು ನೀವು. ಆ ತಿಳಿವಳಿಕೆಯನ್ನು ಯಾವ ಪದವಿಯೂ ಕೊಡುವುದಿಲ್ಲ. ಹಾಗಾಗಿ ಈ ವೃತ್ತಿಯಲ್ಲಿ ಮೊದಲ ಹಕ್ಕು ನಿಮ್ಮದು.

ನನ್ನ ನಂಬಿಕೆ ಇಷ್ಟು. ಹಾಡಿಯ ಮಗುವಿನ ಓದು, ಮೈ, ಮನಸ್ಸುಗಳನ್ನು ಅದರ ಮನೆಯಿಂದ ಬಿಡಿಸಿ ನೋಡಲಾಗದು. ಆ ಮನೆಯನ್ನು ಅದು ನಿಂತ ನೆಲದಿಂದ, ಬೆನ್ನಿಗಿರುವ ಕಾಡಿನಿಂದ ಬಿಡಿಸಿ ನೋಡಲಾಗದು. ವಿಟಮಿನ್ ಮಾತ್ರೆ ಹಂಚುವವರಿಗೂ, ಆಪ್ತ ಸಮಾಲೋಚನೆ ಮಾಡುವವರಿಗೂ, ಹಾಸ್ಟೆಲ್ ನಡೆಸುವವರಿಗೂ ಇದು ಒಂದೇ ಸಮನೆ ಅನ್ವಯಿಸುತ್ತದೆ. ಮುಂದಿನ ಹೆಜ್ಜೆಗಳನ್ನೆಲ್ಲ ಈ ನಂಬಿಕೆಯ ಮೇಲೆ ಬರೆದಿದ್ದೇನೆ.

ಮೊದಲ ಹೆಜ್ಜೆ: ಯಾರ ನಡುವೆ ಕೆಲಸ ಎಂಬುದನ್ನು ತಿಳಿದುಕೊಳ್ಳಿ

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದವರ ಸಂಖ್ಯೆ ಸುಮಾರು 42.5 ಲಕ್ಷ, ಅಂದರೆ ನೂರಕ್ಕೆ ಏಳರಷ್ಟು. ಅದರಲ್ಲಿ ಬಹುಪಾಲು ನಾಯಕ ಸಮುದಾಯದವರು. ಕಾಡಿನ ಒಳಗೆ, ಅಂಚಿನಲ್ಲಿ ಬದುಕುವ ಸಣ್ಣ ಸಮುದಾಯಗಳ ಸ್ಥಿತಿ ಆ ಒಟ್ಟು ಅಂಕಿಯಲ್ಲಿ ಕಾಣುವುದಿಲ್ಲ. ಎಚ್.ಡಿ. ಕೋಟೆ, ಹುಣಸೂರು, ಕೊಡಗಿನ ಜೇನು ಕುರುಬರು, ಬೆಟ್ಟ ಕುರುಬರು, ಯರವರು. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಸೋಲಿಗರು. ರಾಮನಗರದ ಕಡೆಯ ಇರುಳಿಗರು. ಕರಾವಳಿಯ ಕೊರಗರು, ಘಟ್ಟದ ಮಲೆಕುಡಿಯರು. ಯಲ್ಲಾಪುರ, ಹಳಿಯಾಳ ಸುತ್ತಿನ ಸಿದ್ದಿಗಳು. ದೇಶದಲ್ಲಿ ವಿಶೇಷ ದುರ್ಬಲ ಬುಡಕಟ್ಟುಗಳೆಂದು ಕೇಂದ್ರ ಸರಕಾರ ಗುರುತಿಸಿರುವ 75 ಗುಂಪುಗಳಲ್ಲಿ ನಮ್ಮ ರಾಜ್ಯದವು ಎರಡು: ಜೇನು ಕುರುಬ ಮತ್ತು ಕೊರಗ.

ಇವರನ್ನೆಲ್ಲ ‘ಗಿರಿಜನರು’ ಎಂದು ಒಟ್ಟಿಗೆ ಕಟ್ಟಿಬಿಟ್ಟರೆ ಕೆಲಸ ಅಲ್ಲೇ ಕೆಡುತ್ತದೆ. ಒಬ್ಬೊಬ್ಬರ ನೋವು ಒಂದೊಂದು ಕಡೆ ಇದೆ. ನಾಗರಹೊಳೆ, ಬಂಡೀಪುರದ ಕಾಡುಗಳು ಸಂರಕ್ಷಿತ ಪ್ರದೇಶಗಳಾದಾಗ ಹೊರಗೆ ಬಂದ ಜೇನು ಕುರುಬರ ಮನೆಗಳಲ್ಲಿ ಅಜ್ಜ ಅಜ್ಜಿಯರು ಹುಟ್ಟಿದ ಜಾಗ ಇವತ್ತಿಗೂ ಗೇಟಿನ ಆಚೆ ಇದೆ. ಕೊಡಗಿನ ಯರವ ಕುಟುಂಬ ತಲೆಮಾರುಗಳಿಂದ ಕಾಫಿ ತೋಟದ ಮಾಲೀಕರು ಕೂಲಿಯವರಿಗೆ ಕೊಡುವ ಲೈನ್ ಮನೆಯಲ್ಲಿದೆ. ಕೆಲಸ ಬಿಟ್ಟರೆ ಮನೆಯೂ ಹೋಗುತ್ತದೆ. ಹೀಗಾಗಿ ಮಗನಿಗೆ ಮೈ ಸರಿಯಿಲ್ಲದಿದ್ದರೂ ತಾಯಿ ರಜೆ ಕೇಳಲು ಹೆದರುತ್ತಾಳೆ. ಕೊರಗರನ್ನು ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿಗೆ ಗುರಿಮಾಡಲಾಗಿತ್ತು. ಅದನ್ನು ನಿಷೇಧಿಸುವ ಕಾಯ್ದೆ ಬಂದಿದ್ದು 2000ದಲ್ಲಿ. ಅದನ್ನು ಕಣ್ಣಾರೆ ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಕೊರಗ ಹುಡುಗನೊಬ್ಬ ತರಗತಿಯ ಕೊನೆಯ ಬೆಂಚಿನಲ್ಲಿ ಬಾಯಿ ಬಿಡದೆ ಕೂತರೆ ಅದನ್ನು ‘ಆತ್ಮವಿಶ್ವಾಸದ ಕೊರತೆ’ ಎಂದು ನಮೂನೆಯಲ್ಲಿ ಬರೆದು ಮುಂದೆ ಹೋಗುವ ಸಮಾಲೋಚಕರು ಆ ಮೌನದ ಚರಿತ್ರೆಯನ್ನು ಓದಿಲ್ಲ ಎಂದೇ ಅರ್ಥ.

ಮೈಸೂರಿನಲ್ಲಿರುವ ಕರ್ನಾಟಕ ರಾಜ್ಯ ಬುಡಕಟ್ಟು ಸಂಶೋಧನಾ ಸಂಸ್ಥೆಯ ಅಧ್ಯಯನಗಳನ್ನು ಓದಿ. ಅದಕ್ಕಿಂತ ಮುಖ್ಯವಾಗಿ ಸಮುದಾಯದ ಒಳಗಿನವರು ಹೇಳಿದ್ದನ್ನು ಕೇಳಿ. ಜೇನು ಕುರುಬ ಸಮುದಾಯದ ಸೋಮಣ್ಣನವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಅವರು ದಶಕಗಳಿಂದ ಮಾತಾಡುತ್ತ ಬಂದಿದ್ದು ಭೂಮಿ ಮತ್ತು ಪುನರ್ವಸತಿಯ ಬಗ್ಗೆ. ಸೋಲಿಗರಲ್ಲಿ ಪಿಎಚ್‌ಡಿ ಪಡೆದ ಡಾ. ಸಿ. ಮಾದೇಗೌಡರು ಅರಣ್ಯ ಹಕ್ಕಿನ ಕುರಿತು ದುಡಿದವರು. ಮಕ್ಕಳ ಆರೋಗ್ಯದ ಬರಹದಲ್ಲಿ ಇವರ ಮಾತೇಕೆ ಎಂದು ಅನ್ನಿಸಿದರೆ ನಾಲ್ಕನೆಯ ಹೆಜ್ಜೆಯವರೆಗೆ ತಾಳಿ.

ಎರಡನೆಯ ಹೆಜ್ಜೆ: ಯಾವ ಬಾಗಿಲಿನಿಂದ ಒಳಗೆ ಹೋಗುತ್ತೀರಿ?

‘ಆದಿವಾಸಿ ಕ್ಷೇಮ ಕಾರ್ಯಕರ್ತ’ ಎಂಬ ಒಂದೇ ಹುದ್ದೆ ಎಲ್ಲೂ ಇಲ್ಲ. ಬಾಗಿಲುಗಳು ಹಲವು, ಅರ್ಹತೆಗಳೂ ಬೇರೆ ಬೇರೆ.

ಆರೋಗ್ಯ ಇಲಾಖೆಯ ಬಾಗಿಲು ಎಲ್ಲಕ್ಕಿಂತ ಅಗಲವಾದದ್ದು. ಹತ್ತನೇ ತರಗತಿಯವರೆಗೆ ಓದಿದ, ಅದೇ ಊರಿನ ಮಹಿಳೆ ಆಶಾ ಕಾರ್ಯಕರ್ತೆಯಾಗಬಹುದು. ಅಷ್ಟು ಓದಿದವರು ಸಿಗದ ಕಡೆ ವಿದ್ಯಾರ್ಹತೆಯಲ್ಲಿ ಸಡಿಲಿಕೆಯೂ ಇದೆ. ಪಿಯುಸಿ ನಂತರ ಎರಡು ವರ್ಷದ ಸಹಾಯಕ ದಾದಿ-ಸೂಲಗಿತ್ತಿ, ಅಂದರೆ ಎಎನ್‌ಎಂ ತರಬೇತಿ ಪಡೆದರೆ ಉಪಕೇಂದ್ರದಲ್ಲಿ ಕೆಲಸ. ಬಯಲು ಸೀಮೆಯಲ್ಲಿ ಒಂದು ಉಪಕೇಂದ್ರಕ್ಕೆ 5,000 ಜನ ಎಂಬ ಲೆಕ್ಕ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 3,000. ಜನ ಕಡಿಮೆ ಎಂದು ಹಗುರವಾಗಿ ತೆಗೆದುಕೊಳ್ಳಬೇಡಿ, ಹಾಡಿಯಿಂದ ಹಾಡಿಗೆ ನಡೆಯುವ ದಾರಿಯೇ ದಿನವನ್ನು ತಿನ್ನುತ್ತದೆ. ಬಿಎಸ್ಸಿ ನರ್ಸಿಂಗ್ ಓದಿದವರಿಗೆ ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆ ಇದೆ. ಹದಿಹರೆಯದವರ ಜೊತೆ ಕೆಲಸ ಮಾಡಬೇಕೆನ್ನುವವರು 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಆಪ್ತ ಸಮಾಲೋಚಕರ ಹುದ್ದೆಗಳನ್ನು ಗಮನಿಸಿ. ನಮ್ಮಲ್ಲಿ ಇದರ ಕೇಂದ್ರಗಳು ಸ್ನೇಹ ಕ್ಲಿನಿಕ್ ಎಂಬ ಹೆಸರಿನಲ್ಲಿ ನಡೆಯುತ್ತವೆ.

ಮಕ್ಕಳ ರಕ್ಷಣೆಯ ಕಡೆಯಿಂದ ಬರುವವರಿಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕವಿದೆ. ಅಲ್ಲಿ ಸಮಾಜ ಕಾರ್ಯಕರ್ತರು, ಆಪ್ತ ಸಮಾಲೋಚಕರು, ಕ್ಷೇತ್ರ ಕಾರ್ಯಕರ್ತರು ಎಂಬ ಹುದ್ದೆಗಳು ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಗುತ್ತಿಗೆಯ ಮೇಲೆ ಬರುತ್ತವೆ.

ಸ್ವಯಂಸೇವಾ ಸಂಸ್ಥೆಗಳಲ್ಲಿ ಎರಡನ್ನು ಹೆಸರಿಸುತ್ತೇನೆ, ಎರಡೂ ದಶಕಗಳ ಕಾಲ ಒಂದೇ ನೆಲದಲ್ಲಿ ನಿಂತು ಕಲಿತವು. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಶುರು ಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಒಂದು. ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು 1984ರಲ್ಲಿ ಕಟ್ಟಿದ, ಎಚ್.ಡಿ. ಕೋಟೆ ಮತ್ತು ಸರಗೂರಿನಲ್ಲಿ ನೆಲೆಯೂರಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಇನ್ನೊಂದು. ಇಂಥ ಕಡೆ ಆರು ತಿಂಗಳು ಸ್ವಯಂಸೇವಕರಾಗಿಯೋ ಕ್ಷೇತ್ರಕಾರ್ಯದ ವಿದ್ಯಾರ್ಥಿಯಾಗಿಯೋ ಇದ್ದು ನೋಡಿ. ಇದು ನಿಮಗೆ ಒಗ್ಗುವ ಕೆಲಸವೋ ಅಲ್ಲವೋ ಎಂಬುದು ಅಲ್ಲಿ ಬೇಗ ತಿಳಿಯುತ್ತದೆ.

ಇನ್ನೊಂದು ಬಾಗಿಲಿದೆ. ಯಾರೂ ಅದನ್ನು ‘ಕ್ಷೇಮ’ದ ವೃತ್ತಿ ಎಂದು ಕರೆಯುವುದಿಲ್ಲ, ನಾನು ಅದನ್ನೇ ಮೊದಲು ಇಡುತ್ತೇನೆ: ಆದಿವಾಸಿ ಮಕ್ಕಳ ಸರಕಾರಿ ವಸತಿ ಶಾಲೆಗಳಾದ ಆಶ್ರಮ ಶಾಲೆ ಮತ್ತು ಹಾಸ್ಟೆಲ್‌ಗಳ ವಾರ್ಡನ್ ಕೆಲಸ. ಆರೇಳು ವರ್ಷದ ಮಗು ಅವ್ವನ ಮಗ್ಗುಲು ಬಿಟ್ಟು ಬಂದು ಮಲಗುವುದು ಅಲ್ಲಿ. ರಾತ್ರಿ ಹಾಸಿಗೆ ಒದ್ದೆ ಮಾಡಿಕೊಂಡರೆ ಬೆಳಿಗ್ಗೆ ಅದನ್ನು ಬೈಯುವವರು ಸಿಗುತ್ತಾರೋ, ಯಾರಿಗೂ ಗೊತ್ತಾಗದಂತೆ ಬೇರೆ ಚಡ್ಡಿ ಕೊಡುವವರು ಸಿಗುತ್ತಾರೋ ಎಂಬುದರ ಮೇಲೆ ಆ ಮಗು ಶಾಲೆಯಲ್ಲಿ ಉಳಿಯುವುದು ನಿಂತಿದೆ. ಮಕ್ಕಳು ತಮ್ಮತಮ್ಮಲ್ಲಿ ಮನೆಮಾತು ಆಡಿದರೆ ಸುಮ್ಮನಿರಿಸುವ ಹಾಸ್ಟೆಲ್ ಒಂದು ಥರ, ಸಂಜೆ ಹೊತ್ತು ಸೋಲಿಗರ ಮಕ್ಕಳಿಂದ ಅವರದೇ ಹಾಡಾದ ಗೊರುಕಾನ ಹಾಡಿಸುವ ಹಾಸ್ಟೆಲ್ ಇನ್ನೊಂದು ಥರ. ಕೆನಡಾದಲ್ಲಿ ಆದಿವಾಸಿ ಮಕ್ಕಳನ್ನು ಮನೆಯಿಂದ ಒಯ್ದು, ವಸತಿ ಶಾಲೆಗೆ ಹಾಕಿ, ಅವರ ಭಾಷೆ ಬಿಡಿಸಿದ್ದರಿಂದ ತಲೆಮಾರುಗಳೇ ಒಡೆದವೆಂದು ಅಲ್ಲಿನ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ ದಾಖಲಿಸಿ 94 ಶಿಫಾರಸುಗಳನ್ನು ಕೊಟ್ಟಿತು. ನಮ್ಮ ಆಶ್ರಮ ಶಾಲೆಗಳು ಹುಟ್ಟಿದ ಉದ್ದೇಶ ಬೇರೆ, ಅಲ್ಲಿ ಓದಿ ಮೇಲೆ ಬಂದವರು ಬಹಳ ಜನ ಇದ್ದಾರೆ. ಆದರೂ ಮಗುವನ್ನು ಮನೆಯಿಂದ ದೂರ ಇಡುವ ಯಾವ ವ್ಯವಸ್ಥೆಗೂ ಆ ವರದಿ ಒಂದು ಎಚ್ಚರಿಕೆ. ವಾರ್ಡನ್ ಹುದ್ದೆಗೆ ಅರ್ಜಿ ಕರೆದಾಗ ‘ಅಯ್ಯೋ ಹಾಸ್ಟೆಲ್ ಕೆಲಸವಾ’ ಎಂದು ಬಿಡಬೇಡಿ.

ಮೂರನೆಯ ಹೆಜ್ಜೆ: ಓದು

ಬಿಎಸ್‌ಡಬ್ಲ್ಯೂ, ಎಂಎಸ್‌ಡಬ್ಲ್ಯೂ ಸಾಮಾನ್ಯ ದಾರಿ. ಮಾನಸಗಂಗೋತ್ರಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, 1960ರಿಂದ ಸಮಾಜಕಾರ್ಯ ಕಲಿಸುತ್ತಿರುವ ಮಂಗಳೂರಿನ ರೋಶನಿ ನಿಲಯ ಎಲ್ಲವೂ ಒಳ್ಳೆಯ ಆಯ್ಕೆಗಳೇ. ಕಾಲೇಜಿನ ಹೆಸರಿಗಿಂತ ಕ್ಷೇತ್ರಕಾರ್ಯಕ್ಕೆ ಎಲ್ಲಿಗೆ ಕಳಿಸುತ್ತಾರೆ, ವಾರಕ್ಕೆ ಎಷ್ಟು ದಿನ, ಯಾರ ಮೇಲ್ವಿಚಾರಣೆಯಲ್ಲಿ ಎಂದು ಕೇಳಿ ಸೇರಿಕೊಳ್ಳಿ.

ಮಾನಸಿಕ ಆರೋಗ್ಯದಲ್ಲೇ ಮುಂದುವರಿಯುವ ಆಸೆಯಿದ್ದರೆ ಎಂಎಸ್‌ಡಬ್ಲ್ಯೂ ಮೇಲೆ ಎರಡು ವರ್ಷದ ಮನೋವೈದ್ಯಕೀಯ ಸಮಾಜಕಾರ್ಯದ ಎಂಫಿಲ್ ದಾರಿ (ಯುಜಿಸಿ ಅದಕ್ಕೆ ಪ್ರವೇಶ ಅನುಮತಿಸಿದ್ದು 2025-26ರವರೆಗೆ, ಈಗ ಇದೆಯೇ ಎಂದು ಮೊದಲು ವಿಚಾರಿಸಿ), ನಿಮ್ಹಾನ್ಸ್ ಅದಕ್ಕೆ ಹೆಸರಾದ ಜಾಗ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ‘ಮನೋವೈದ್ಯಕೀಯ ಸಮಾಜ ಕಾರ್ಯಕರ್ತ’ ಯಾರು ಎಂಬುದನ್ನು ಈ ಓದಿನ ಮೇಲೆಯೇ ನಿರ್ಧರಿಸುತ್ತದೆ. ವಾರಾಂತ್ಯದ ಆನ್‌ಲೈನ್ ಸರ್ಟಿಫಿಕೇಟ್ ಹಿಡಿದು ‘ಥೆರಪಿಸ್ಟ್’ ಎಂದು ಹಾಡಿಗೆ ಹೋಗುವುದನ್ನು ದಯವಿಟ್ಟು ಮಾಡಬೇಡಿ. ನಗರದಲ್ಲಿ ಒಬ್ಬ ಸಮಾಲೋಚಕ ಸರಿಯಿಲ್ಲದಿದ್ದರೆ ಜನ ಇನ್ನೊಬ್ಬರನ್ನು ಹುಡುಕಿಕೊಳ್ಳುತ್ತಾರೆ. ಹಾಡಿಗೆ ಎರಡನೆಯವರು ಬರುವುದಿಲ್ಲ.

ಹಾಡಿಯಿಂದಲೇ ಓದಿಗೆ ಹೊರಟವರು ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಹಾಸ್ಟೆಲ್ ಸೀಟು, ಜಾತಿ ಪ್ರಮಾಣಪತ್ರ ಈ ಮೂರನ್ನೂ ಪಿಯುಸಿ ಫಲಿತಾಂಶಕ್ಕೆ ಮುಂಚೆಯೇ ಸರಿಮಾಡಿಕೊಳ್ಳಿ. ಅಪ್ಪನ ಹೆಸರು ಆಧಾರ್‌ನಲ್ಲಿ ಒಂದು ರೀತಿ, ಟಿಸಿಯಲ್ಲಿ ಇನ್ನೊಂದು ರೀತಿ ಇದ್ದ ಕಾರಣಕ್ಕೇ ಒಂದು ವರ್ಷ ಕೈತಪ್ಪಬಹುದು.

ನಾಲ್ಕನೆಯ ಹೆಜ್ಜೆ: ಕಾನೂನು ಓದಿಕೊಂಡು ಹೋಗಿ

ಮೊದಲನೆಯದು 2006ರ ಅರಣ್ಯ ಹಕ್ಕು ಕಾಯ್ದೆ. 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಅರಣ್ಯ ಭೂಮಿಯಲ್ಲಿ ವಾಸವಿದ್ದು ಅಥವಾ ಉಳುಮೆ ಮಾಡುತ್ತಿರುವ ಆದಿವಾಸಿ ಕುಟುಂಬಕ್ಕೆ ಅದು ಹಕ್ಕು ಕೊಡುತ್ತದೆ. ಅರ್ಜಿ ಗ್ರಾಮಸಭೆಯಿಂದ ಶುರುವಾಗಿ ಉಪವಿಭಾಗ ಮಟ್ಟದ ಸಮಿತಿ, ಜಿಲ್ಲಾ ಸಮಿತಿಗೆ ಹೋಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ಪಡೆದವರಲ್ಲಿ ಅವರು ಮೊದಲಿಗರು. ಜೇನು, ನೆಲ್ಲಿಕಾಯಿ, ಪಾಚಿ, ಸೀಗೆಕಾಯಿ ತರುವ ಹಕ್ಕು ಇದ್ದಾಗ ಮನೆಯಲ್ಲಿ ತಮ್ಮದೇ ದುಡ್ಡು ಇರುತ್ತದೆ. ಅದು ಕಡಿದುಹೋದಾಗ ಗಂಡ ಹೆಂಡತಿ ಇಬ್ಬರೂ ಕೇರಳದ ಶುಂಠಿ ಕೆಲಸಕ್ಕೋ ಕೊಡಗಿನ ಕಾಫಿ ಕೊಯ್ಲಿಗೋ ಹೊರಡುತ್ತಾರೆ. ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತಾರೆ, ಇಲ್ಲವೇ ಶಾಲೆ ಬಿಟ್ಟು ಜೊತೆಗೆ ಹೋಗುತ್ತಾರೆ. ಅಂಗನವಾಡಿಯ ತೂಕದ ಪಟ್ಟಿಯಲ್ಲಿ ಕೆಂಪು ಬಣ್ಣಕ್ಕೆ ಇಳಿದ ಮಗುವಿನ ಕಥೆ ಹಲವು ಸಲ ಇಲ್ಲಿಂದ ಹೊರಡುತ್ತದೆ. ಹಕ್ಕುಪತ್ರದ ಅರ್ಜಿ ತುಂಬಲು ಬಾರದ ಆರೋಗ್ಯ ಕಾರ್ಯಕರ್ತರ ಕೆಲಸ ಅರ್ಧವೇ.

ಇನ್ನೊಂದನ್ನೂ ತಿಳಿದಿರಿ. ಆದಿವಾಸಿ ಪ್ರದೇಶಗಳಿಗೆ ವಿಶೇಷ ಆಡಳಿತ ಕೊಡುವ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳು ಕರ್ನಾಟಕದಲ್ಲಿಲ್ಲ. ಹಾಗಾಗಿ ಜಾರ್ಖಂಡ್, ಒಡಿಶಾದ ಆದಿವಾಸಿ ಗ್ರಾಮಸಭೆಗಳಿಗೆ ಪೆಸಾ ಕಾಯ್ದೆ (ಅನುಸೂಚಿತ ಪ್ರದೇಶಗಳ ಪಂಚಾಯತಿ ಕಾಯ್ದೆ) ಕೊಡುವ ಅಧಿಕಾರ ನಮ್ಮ ಹಾಡಿಗಳಿಗೆ ಇಲ್ಲ. ಉತ್ತರದ ರಾಜ್ಯಗಳ ತರಬೇತಿ ಪುಸ್ತಕಗಳನ್ನು ಇಲ್ಲಿಗೆ ಹಾಗೇ ತರಬೇಡಿ.

ಎರಡನೆಯದು ಪೋಕ್ಸೊ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಕಾಯ್ದೆ. ಇದರ ಬಗ್ಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಹಾಡಿಗಳಲ್ಲಿ ಹದಿನಾರು ಹದಿನೇಳರ ಹುಡುಗ ಹುಡುಗಿ ಒಪ್ಪಿ ಜೊತೆಯಾಗಿ ಇರುವುದುಂಟು, ಹಿರಿಯರೂ ಅದನ್ನು ಒಪ್ಪಿಕೊಳ್ಳುವುದುಂಟು. 2012ರ ಕಾಯ್ದೆಯ ಕಣ್ಣಿಗೆ 18 ತುಂಬದವರ ಒಪ್ಪಿಗೆ ಒಪ್ಪಿಗೆಯಲ್ಲ. ಹುಡುಗಿ ಬಸುರಿಯಾಗಿ ಆಸ್ಪತ್ರೆಗೆ ಬಂದರೆ ವಿಷಯ ತಿಳಿದ ಯಾರೇ ಆದರೂ 19ನೇ ಕಲಮಿನ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ 21ನೇ ಕಲಮಿನಡಿ ಶಿಕ್ಷೆ. ಇದರ ಫಲವಾಗಿ ಹುಡುಗನ ಮೇಲೆ ಕೇಸು ಬೀಳುತ್ತದೆ, 18 ತುಂಬಿದ್ದರೆ ಜೈಲಿಗೆ, ತುಂಬದಿದ್ದರೆ ಬಾಲನ್ಯಾಯ ಮಂಡಳಿಯ ಮುಂದೆ ಹೋಗುತ್ತಾನೆ, ಮುಂದಿನ ಹುಡುಗಿ ಆಸ್ಪತ್ರೆಯ ಕಡೆಗೇ ಬರುವುದಿಲ್ಲ.

ನೀವು ಮಾಡಬೇಕಾದ್ದು ಹೀಗೆ. ಯಾವ ಹುಡುಗಿಗೂ ‘ಯಾರಿಗೂ ಹೇಳಲ್ಲ, ನನ್ನತ್ರ ಹೇಳು’ ಎಂದು ಮಾತು ಕೊಡಬೇಡಿ. ಯಾವುದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬಲ್ಲಿರಿ, ಯಾವುದನ್ನು ತಿಳಿಸಲೇಬೇಕಾಗುತ್ತದೆ ಎಂಬುದನ್ನು ಮಾತಿಗೆ ಮುಂಚೆಯೇ ಅವಳಿಗೆ ಅರ್ಥವಾಗುವಂತೆ ಹೇಳಿ. ತಿಳಿಸಬೇಕಾಗಿ ಬಂದರೆ ಅವಳ ಕೈಬಿಡಬೇಡಿ. ಮಕ್ಕಳ ಕಲ್ಯಾಣ ಸಮಿತಿಯನ್ನು ಕೇಳಿ ಅವಳಿಗೊಬ್ಬ ಬೆಂಬಲ ವ್ಯಕ್ತಿಯನ್ನು ಕೊಡಿಸಿ, ಠಾಣೆಗೂ ಆಸ್ಪತ್ರೆಗೂ ಜೊತೆಗೆ ಹೋಗಿ. ಹುಡುಗನ ಮನೆಯವರನ್ನೂ ಮರೆಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ಇವೆಲ್ಲಕ್ಕಿಂತ ಮುಂಚೆ, ಏನೂ ಆಗದೇ ಇರುವಾಗಲೇ, ಹಾಡಿಯ ಹುಡುಗ ಹುಡುಗಿಯರನ್ನು ಬೇರೆಬೇರೆಯಾಗಿ ಕೂರಿಸಿ ಈ ಕಾನೂನು ಹೇಗಿದೆ ಎಂದು ಹೇಳಿ. ಹಿರಿಯರಿಗೂ ಹೇಳಿ. ಗೊತ್ತಿಲ್ಲದೆ ಸಿಕ್ಕಿಕೊಂಡವರೇ ಹೆಚ್ಚು.

ಜೀತ ಪದ್ಧತಿ ರದ್ದತಿ ಕಾಯ್ದೆ 1976ರದ್ದು. ಮುಂಗಡ ಕೊಟ್ಟು ಕಟ್ಟಿಹಾಕಿಕೊಂಡ ತೋಟದ ಕೆಲಸವೂ ಅದರಡಿ ಬರಬಲ್ಲದು ಎಂಬುದಷ್ಟು ನೆನಪಿರಲಿ. ಅಂಥದ್ದು ಕಂಡರೆ ಒಬ್ಬರೇ ಎದುರಿಸಲು ಹೋಗದೆ ಉಪವಿಭಾಗಾಧಿಕಾರಿಗೆ ಬರಹದಲ್ಲಿ ಕೊಡಿ.

ಐದನೆಯ ಹೆಜ್ಜೆ: ಮೊದಲ ಆರು ತಿಂಗಳು

ಹಾಡಿಗೆ ಹೋದವರು ಮೊದಲು ಯಜಮಾನರನ್ನು ಕಾಣಬೇಕು. ಸೋಲಿಗರ ವಸತಿಯಾದ ಪೋಡಿನಲ್ಲಿ ಪೂಜಾರಿಯಾದ ತಮ್ಮಡಿಯನ್ನೂ ಕಂಡು ಮಾತಾಡಿಸಿ. ನಿಮ್ಮ ಸಂಸ್ಥೆ ಯಾವುದು, ಸಂಬಳ ಕೊಡುವವರು ಯಾರು, ಎಷ್ಟು ವರ್ಷ ಇರುತ್ತೀರಿ ಎಂದು ಅವರು ಕೇಳದಿದ್ದರೂ ಹೇಳಿ. ಸರ್ವೆ ನಮೂನೆಯನ್ನು ಚೀಲದಿಂದ ತೆಗೆಯಬೇಡಿ. ಹಾಡಿಗಳಿಗೆ ನಮೂನೆ ಹಿಡಿದು ಬಂದವರು ಎಷ್ಟೋ ಜನ, ತುಂಬಿಸಿಕೊಂಡು ಹೋದ ಮೇಲೆ ತಿರುಗಿ ಬಂದವರು ಬಹಳ ಕಡಿಮೆ.

ದೊಡ್ಡವರನ್ನು ‘ನೀವು’ ಎಂದೇ ಮಾತಾಡಿಸಿ. ಅಜ್ಜಿ, ಅಣ್ಣ, ಅಕ್ಕ ಎನ್ನಿ. ಅವರು ನಿಮ್ಮನ್ನು ಏಕವಚನದಲ್ಲೇ ಕರೆಯಬಹುದು, ಅದು ಅವರ ಮಾತಿನ ಸಹಜ ರೀತಿ, ಅದರಲ್ಲಿ ಅಕ್ಕರೆಯೂ ಇರುತ್ತದೆ. ಆದರೆ ಗಾರ್ಡು, ಸಾಹುಕಾರ, ಆಸ್ಪತ್ರೆಯ ಕೌಂಟರಿನವರು ಎಲ್ಲರಿಂದಲೂ ‘ಏಯ್, ಬಾರೋ ಇಲ್ಲಿ’ ಕೇಳಿಸಿಕೊಂಡು ಬಂದ ಮುದುಕರಿಗೆ ಹೊರಗಿನವರ ಬಾಯಿಂದ ಬರುವ ‘ಬನ್ನಿ’ಗೆ ಬೇರೆಯೇ ತೂಕ ಇದೆ.

ಹತ್ತು ಗಂಟೆಗೆ ಕಚೇರಿ ತೆರೆದಂತೆ ಹಾಡಿಗೆ ಹೋದರೆ ಅಲ್ಲಿ ನಾಯಿ, ಅಜ್ಜಿ, ಮಕ್ಕಳು ಮಾತ್ರ ಇರುತ್ತಾರೆ. ದುಡಿಯುವವರನ್ನು ಜೀಪು ಬೆಳಿಗ್ಗೆಯೇ ತೋಟಕ್ಕೆ ಒಯ್ದಿರುತ್ತದೆ. ಸಂಜೆ ಹೋಗೋಣ ಎಂದರೆ ಆನೆ ಇಳಿಯುವ ಹೊತ್ತು. ಎಚ್.ಡಿ. ಕೋಟೆಯಿಂದ ಡಿ.ಬಿ. ಕುಪ್ಪೆ, ಬಾವಲಿ ಕಡೆಗೆ ಹೋಗುವ ಕಾಡಿನ ರಸ್ತೆ ಸಂಜೆ ಆರಕ್ಕೆ ಮುಚ್ಚುತ್ತದೆ. ಆದ್ದರಿಂದ ಬೆಳಗಿನ ಜಾವವೇ ಸರಿ, ಅಥವಾ ಹಾಡಿಯಲ್ಲೇ ಉಳಿಯುವ ಏರ್ಪಾಡು ಮಾಡಿಕೊಳ್ಳಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಸಭೆ ಕರೆಯಬೇಡಿ. ಸೋಲಿಗರ ರೊಟ್ಟಿ ಹಬ್ಬದಂಥ ಹಬ್ಬಕ್ಕೆ ಕರೆದರೆ ಹೋಗಿ, ಫೋನ್ ಜೇಬಿನಲ್ಲೇ ಇರಲಿ.

ಮಾತು ಕಲಿಯಿರಿ. ಸೋಲಿಗನುಡಿ, ಜೇನುನುಡಿಗಳು ಕನ್ನಡ ಬಲ್ಲವರ ಕಿವಿಗೆ ಬೇಗ ಒಗ್ಗುತ್ತವೆ. ಯರವ, ಕೊರಗ ಭಾಷೆಗಳಿಗೆ ಹೆಚ್ಚು ಸಮಯ ಬೇಕು. ನೋವು, ನಾಚಿಕೆ, ಸಿಟ್ಟು, ಮುಟ್ಟು, ಬಸಿರು ಈ ವಿಷಯಗಳ ಮಾತುಗಳನ್ನು ಮೊದಲು ಕೇಳಿ ಬರೆದುಕೊಳ್ಳಿ.

ಇನ್ನು ಮೊದಲ ಆರು ತಿಂಗಳಲ್ಲಿ ಮಾಡಬೇಕಾದ ಕೆಲಸ ಯಾವುದೆಂದರೆ, ಯಾರಾದರೂ ‘ನಮ್ಮ ಜೊತೆ ಒಂದು ಸಲ ಬಾ’ ಎಂದ ಕಡೆಗೆಲ್ಲ ಹೋಗುವುದು. ಪಡಿತರ ಚೀಟಿಗೆ ಹೆಸರು ಸೇರಿಸಲು ತಾಲ್ಲೂಕು ಕಚೇರಿಗೆ, ಪಿಡಿಒ ಹತ್ತಿರ, ಮೈಸೂರಿನ ಕೆ.ಆರ್. ಆಸ್ಪತ್ರೆಗೆ. ಆಸ್ಪತ್ರೆಯಲ್ಲಿ ಯಾವ ಸಾಲು, ಯಾವ ಚೀಟಿ, ರಕ್ತ ಎಲ್ಲಿ ಕೊಡುವುದು ಎಂದು ತಿಳಿಯದೆ ಹಾಡಿಗೆ ವಾಪಸ್ಸು ಬಂದುಬಿಡುವ ರೋಗಿಗಳಿದ್ದಾರೆ. ಜೊತೆಗೆ ಒಬ್ಬರಿದ್ದರೆ ಅದೇ ಚಿಕಿತ್ಸೆ ಪೂರ್ತಿಯಾಗುತ್ತದೆ. ಮಳೆಗಾಲದಲ್ಲಿ ಕೂಲಿ ಸಿಗದ ದಿನಗಳಿಗೆಂದು ಸರಕಾರ ಶುರು ಮಾಡಿದ ಪೌಷ್ಟಿಕ ಆಹಾರದ ಕಿಟ್ಟಿನಲ್ಲಿ ಬೇಳೆ, ಎಣ್ಣೆ, ಮೊಟ್ಟೆ, ಬೆಲ್ಲ ಸರಿಯಾಗಿ ಬಂತೇ, ಯಾವ ಮನೆಗೆ ಬರಲಿಲ್ಲ, ಏಕೆ ಎಂಬುದನ್ನು ನೋಡಿಕೊಳ್ಳಿ. ಜೇನು ಕುರುಬ, ಕೊರಗ ಕುಟುಂಬಗಳಿಗೆ 2023ರ ನವೆಂಬರ್ 15ರಂದು ಶುರುವಾದ ಪಿಎಂ-ಜನಮನ್ ಯೋಜನೆಯಡಿ ಮನೆ, ರಸ್ತೆ, ಸಂಚಾರಿ ಆಸ್ಪತ್ರೆಗಳಿಗೆ ಅವಕಾಶವಿದೆ. ಸಂಚಾರಿ ಆಸ್ಪತ್ರೆಯ ವಾಹನ ಯಾವ ದಿನ ಯಾವ ಹಾಡಿಗೆ ಎಂಬ ಪಟ್ಟಿ ನಿಮ್ಮ ಬಳಿ ಇರಲಿ.

ಆರನೆಯ ಹೆಜ್ಜೆ: ಹದಿಹರೆಯದವರ ಜೊತೆ

ಆಶ್ರಮ ಶಾಲೆಯ ತರಗತಿಗಳು ಮುಗಿದು ಪ್ರೌಢಶಾಲೆಗೆಂದು ಬೇರೆ ಊರಿನ ಹಾಸ್ಟೆಲ್ಲಿಗೆ ಹೋಗಬೇಕಾದ ಹೊತ್ತಿನಲ್ಲಿ ಮಕ್ಕಳು ಕಳಚಿಕೊಳ್ಳುತ್ತಾರೆ. ಇನ್ನೊಮ್ಮೆ ಕಳಚುವುದು ಬೇಸಿಗೆ ಮತ್ತು ದಸರಾ ರಜೆಯ ನಂತರ. ಶಾಲೆ ತೆರೆದ ಮೊದಲ ಎರಡು ವಾರ ಬೇರೆಲ್ಲ ಸಭೆ, ವರದಿ ಬದಿಗಿಟ್ಟು ಮನೆಮನೆಗೆ ಹೋಗಿ. ಬಾರದ ಮಗುವಿಗೆ ಉಪದೇಶ ಬೇಡ, ಕಾರಣ ಕೇಳಿ. ಹಾಸ್ಟೆಲ್ಲಿನಲ್ಲಿ ಯಾರೋ ಜಾತಿ ಹಿಡಿದು ಬೈದದ್ದಿರಬಹುದು, ಸ್ನಾನದ ಮನೆಗೆ ಬಾಗಿಲಿಲ್ಲದ್ದಿರಬಹುದು, ಅವ್ವನಿಗೆ ಹುಷಾರಿಲ್ಲದ್ದಿರಬಹುದು. ಒಂದೊಂದಕ್ಕೂ ಬೇರೆ ಪರಿಹಾರ.

ಹುಡುಗರನ್ನು ಕೂರಿಸಿಕೊಂಡು ‘ನಿನಗೆ ಏನನ್ನಿಸುತ್ತಿದೆ ಹೇಳು’ ಎಂದರೆ ಹೆಚ್ಚಿನವರು ನೆಲ ನೋಡುತ್ತಾರೆ. ಜೊತೆಗೆ ನಡೆಯುತ್ತ, ವಾಲಿಬಾಲ್ ಆಡುತ್ತ, ಸೌದೆಗೆ ಹೋಗುತ್ತ ಮಾತು ತಾನಾಗಿ ಬರುತ್ತದೆ. ಸಿದ್ದಿ ಸಮುದಾಯದಲ್ಲಿ ಕ್ರೀಡೆಯಿಂದ ಎಷ್ಟು ಸಾಧ್ಯ ಎಂಬುದನ್ನು 1987ರಲ್ಲಿ ಶುರುವಾದ ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಯೋಜನೆ ತೋರಿಸಿತ್ತು. ಕಾಡಿನ ಹಳ್ಳಿಗಳಿಂದ ಹೋದ ಮಕ್ಕಳು ರಾಷ್ಟ್ರಮಟ್ಟದ ಓಟಗಾರರಾದರು. ಕೆಲವೇ ವರ್ಷಗಳಲ್ಲಿ ಯೋಜನೆಯನ್ನು ನಿಲ್ಲಿಸಿದಾಗ ಅವರು ಅರ್ಧ ದಾರಿಯಲ್ಲಿ ಊರಿಗೆ ಮರಳಬೇಕಾಯಿತು. ಯುವಜನರಿಗಾಗಿ ಏನೇ ಶುರು ಮಾಡುವ ಮುಂಚೆ, ಮೂರನೆಯ ವರ್ಷ ಇದಕ್ಕೆ ದುಡ್ಡು ಎಲ್ಲಿಂದ ಎಂದು ನಿಮ್ಮ ಸಂಸ್ಥೆಯನ್ನು ಕೇಳಿ. ಉತ್ತರ ಇಲ್ಲದಿದ್ದರೆ ದುಡ್ಡಿಲ್ಲದೆಯೂ ನಡೆಯುವ ಚಿಕ್ಕದೊಂದನ್ನು ಶುರು ಮಾಡಿ.

ಕುಡಿತದ ವಿಷಯಕ್ಕೆ ಪ್ರತಿಜ್ಞೆ ಮಾಡಿಸುವ ಶಿಬಿರಗಳಲ್ಲಿ ನನಗೆ ನಂಬಿಕೆಯಿಲ್ಲ. ಬಿಟ್ಟವರು ಅದೇ ಹಾಡಿಯಲ್ಲಿ ಯಾರಾದರೂ ಇದ್ದರೆ ಅವರೇ ದೊಡ್ಡ ಆಸರೆ. ಏಕಾಏಕಿ ಬಿಟ್ಟಾಗ ಕೈನಡುಕ, ಫಿಟ್ಸ್ ಬರುವ ಅಪಾಯವಿರುವುದರಿಂದ ವೈದ್ಯರಿಗೆ ತೋರಿಸಿಯೇ ಬಿಡಿಸಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್‌ನಲ್ಲಿ ಮನೋವೈದ್ಯರು ಸಿಗುತ್ತಾರೆ, ದಿನ ಖಚಿತಪಡಿಸಿಕೊಂಡು ಕರೆದೊಯ್ಯಿರಿ. ಸಾಯುವ ಮಾತಾಡಿದ ಹುಡುಗ ಹುಡುಗಿಯನ್ನು ಆ ರಾತ್ರಿ ಒಂಟಿಯಾಗಿ ಬಿಡಬೇಡಿ, ಕೀಟನಾಶಕದ ಡಬ್ಬಿ ಮನೆಯಲ್ಲಿದ್ದರೆ ಹೊರಗೆ ಸಾಗಿಸಿ. ಟೆಲಿ ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಕನ್ನಡದಲ್ಲಿ ಸಿಗುತ್ತದೆ. ಮಕ್ಕಳಿಗೆ 1098.

ಸಿಕಲ್ ಸೆಲ್ ಕಾಯಿಲೆಯ ಬಗ್ಗೆ ಮೈಸೂರು, ಚಾಮರಾಜನಗರ, ಕೊಡಗಿನಲ್ಲಿ ಕೆಲಸ ಮಾಡುವವರು ಚೆನ್ನಾಗಿ ತಿಳಿದಿರಬೇಕು. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ನಾಳಗಳಲ್ಲಿ ಸಿಕ್ಕಿಕೊಳ್ಳುವ, ಹುಟ್ಟಿನಿಂದ ಬರುವ ಕಾಯಿಲೆ ಇದು. ಮೈಕೈ ನೋವು, ಮತ್ತೆಮತ್ತೆ ರಕ್ತಹೀನತೆ. ಇದನ್ನು 2047ರೊಳಗೆ ಇಲ್ಲವಾಗಿಸುವ ರಾಷ್ಟ್ರೀಯ ಅಭಿಯಾನ 2023ರ ಜುಲೈ 1ರಂದು ಶುರುವಾಯಿತು. 40 ವರ್ಷದೊಳಗಿನವರ ರಕ್ತ ಪರೀಕ್ಷೆ ಮಾಡಿ ಕಾರ್ಡು ಕೊಡುತ್ತಾರೆ. ಅಲ್ಲಿ ನಿಮ್ಮ ಜವಾಬ್ದಾರಿ ಶುರು. ‘ವಾಹಕ’ ಎಂದರೆ ರೋಗಿಯಲ್ಲ, ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇಷ್ಟನ್ನು ಅವರವರ ಮನೆಯಲ್ಲಿ, ಅವರಿಗಷ್ಟೇ ಕೇಳುವಂತೆ ಹೇಳಬೇಕು. ಗುಂಪಿನಲ್ಲಿ ಹೆಸರು ಕೂಗಿ ಕಾರ್ಡು ಹಂಚಿದರೆ ಆ ಹುಡುಗಿಯ ಸಂಬಂಧವೇ ಮುರಿಯಬಹುದು. ಕಾಯಿಲೆ ಇರುವ ಮಗುವಿನ ಶಾಲೆಗೆ ಹೋಗಿ, ಆಗಾಗ ನೀರು ಕುಡಿಯಲು ಬಿಡಬೇಕು, ಚಳಿಯಲ್ಲಿ ತಣ್ಣೀರ ಸ್ನಾನ ಬೇಡ, ಬಿಸಿಲಲ್ಲಿ ಓಡಿಸಬಾರದು ಎಂದು ಶಿಕ್ಷಕರಿಗೆ ಹೇಳಿ ಬನ್ನಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಈ ಕಾಯಿಲೆಯೂ ಸೇರಿದೆ, ಪ್ರಮಾಣಪತ್ರ ಮಾಡಿಸಿಕೊಡಿ.

ಫೋಟೊ ವಿಚಾರ ಚಿಕ್ಕದು ಅನ್ನಿಸಬಹುದು. ತೊಂದರೆಗೆ ಸಿಲುಕಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬಂದ ಮಗುವಿನ ಗುರುತು ಪ್ರಕಟಿಸುವುದು ಬಾಲನ್ಯಾಯ ಕಾಯ್ದೆಯಡಿ ಅಪರಾಧ. ಕಾನೂನು ಅಡ್ಡ ಬಾರದ ಕಡೆಯೂ, ಸಿಂಬಳ ಸೋರುವ ಮಗುವಿನ ಚಿತ್ರ ದೇಣಿಗೆಯ ಪೋಸ್ಟರಿನಲ್ಲಿ ಬರುವುದನ್ನು ತಡೆಯಬೇಕಾದವರು ನೀವು. ಆ ಮಗು ಬೆಳೆದು ಕಾಲೇಜಿಗೆ ಹೋಗುತ್ತದೆ.

ಏಳನೆಯ ಹೆಜ್ಜೆ: ಸಂಬಳ, ಸುರಕ್ಷತೆ, ನಿಮ್ಮ ಮನಸ್ಸು

ಹೆಚ್ಚಿನ ಹುದ್ದೆಗಳು ಗುತ್ತಿಗೆಯವು, ಸಂಬಳ ಸಾಧಾರಣ. ಸೇರುವ ಮುಂಚೆ ಬರಹದಲ್ಲಿ ಕೇಳಿ: ಪಿಎಫ್ ಇದೆಯೇ, ಬೈಕಿನ ಪೆಟ್ರೋಲಿಗೆ ಎಷ್ಟು, ಅಪಘಾತ ವಿಮೆ ಇದೆಯೇ, ಹೆಣ್ಣುಮಕ್ಕಳು ರಾತ್ರಿ ಉಳಿಯಬೇಕಾದರೆ ಎಲ್ಲಿ, ಸಂಬಳ ತಡವಾದರೆ ಏನು. ಹಾಡಿಯ ಯುವಕ ಯುವತಿಯರಿಗೆ ‘ನಿಮ್ಮದೇ ಜನರ ಸೇವೆ ತಾನೆ’ ಎಂದು ಕಡಿಮೆ ಕೊಟ್ಟು, ಅದೇ ಕೆಲಸಕ್ಕೆ ಹೊರಗಿನ ಪದವೀಧರರಿಗೆ ಹೆಚ್ಚು ಕೊಡುವ ಸಂಸ್ಥೆಗಳಿವೆ. ಅದು ಅನ್ಯಾಯ, ಹಾಗೆಂದು ಹೇಳಿ. ನೀವು ಆ ಹೊರಗಿನ ಪದವೀಧರರಾಗಿದ್ದರೆ ಇನ್ನೂ ಜೋರಾಗಿ ಹೇಳಿ.

ತಿಂಗಳಿಗೊಮ್ಮೆಯಾದರೂ ಹಿರಿಯ ಸಮಾಜ ಕಾರ್ಯಕರ್ತರೊಬ್ಬರ ಜೊತೆ ಕೂತು ಪ್ರಕರಣಗಳ ಬಗ್ಗೆ ಮಾತಾಡುವ ಅವಕಾಶ ಇರಲೇಬೇಕು. ಸಂಸ್ಥೆಯಲ್ಲಿ ಇಲ್ಲದಿದ್ದರೆ ನಿಮ್ಮ ಕಾಲೇಜಿನ ಮೇಷ್ಟ್ರನ್ನು ಕೇಳಿಕೊಳ್ಳಿ. 2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದಂಥ ಘಟನೆ ನಿಮ್ಮ ಪ್ರದೇಶದಲ್ಲಿ ಆದಾಗ, ಅಥವಾ ನೀವು ತೂಕ ನೋಡಿ ಬೆಳೆಸಿದ ಮಗುವೇ ತೀರಿಕೊಂಡಾಗ, ಆ ಭಾರವನ್ನು ಒಬ್ಬರೇ ಹೊತ್ತು ಎಷ್ಟೋ ಒಳ್ಳೆಯವರು ಈ ಕೆಲಸ ಬಿಟ್ಟು ಹೋಗಿದ್ದಾರೆ.

ಕೊನೆಯ ಹೆಜ್ಜೆ: ಕೆಲಸ ಬಿಡುವಾಗ

ಮದುವೆ, ಓದು, ಒಳ್ಳೆಯ ಸಂಬಳ ಯಾವುದೋ ಕಾರಣಕ್ಕೆ ಒಂದು ದಿನ ನೀವು ಹೊರಡಬಹುದು. ಅದಕ್ಕೆ ಸೇರಿದ ದಿನದಿಂದಲೇ ತಯಾರಿ ಬೇಕು. ಹಾಡಿಯ ಇಬ್ಬರನ್ನಾದರೂ ಜೊತೆಗೆ ಕರೆದುಕೊಂಡು ಓಡಾಡಿ, ಅರ್ಜಿ ತುಂಬುವುದನ್ನು, ಆಸ್ಪತ್ರೆಯಲ್ಲಿ ವೈದ್ಯರ ಹತ್ತಿರ ಮಾತಾಡುವುದನ್ನು ಕಲಿಸಿ. ಹುದ್ದೆ ಖಾಲಿಯಾದಾಗ ಅವರನ್ನೇ ತೆಗೆದುಕೊಳ್ಳಲು ಸಂಸ್ಥೆಗೆ ಒತ್ತಾಯಿಸಿ. ಹೊರಡುವ ವಿಷಯವನ್ನು ಮಕ್ಕಳಿಗೆ ಕಡಿಮೆಯೆಂದರೂ ಒಂದು ತಿಂಗಳು ಮುಂಚೆ ನೀವೇ ಹೇಳಿ, ಇನ್ನೊಬ್ಬರ ಬಾಯಿಂದ ಅವರಿಗೆ ತಿಳಿಯಬಾರದು. ಹೊಸಬರನ್ನು ಪ್ರತಿ ಮನೆಗೂ ಕರೆದೊಯ್ದು ಪರಿಚಯಿಸಿ. ಯಾವ ಮಗುವಿನ ಔಷಧಿ ಎಂದು ಮುಗಿಯುತ್ತದೆ, ಯಾರ ಹಕ್ಕುಪತ್ರದ ಅರ್ಜಿ ಯಾವ ಮೇಜಿನ ಮೇಲಿದೆ, ಯಾವ ಪ್ರಕರಣದ ಮುಂದಿನ ತಾರೀಖು ಯಾವುದು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಕುಟುಂಬಗಳ ಒಪ್ಪಿಗೆ ಕೇಳಿಯೇ ಅವರ ಕೈಗೆ ಕೊಡಿ.